ಅರಿಶಿನದ ಕ್ಯಾಪ್ಸೂಲ್ ತಗೊಂಡರೆ ಲಾಂಗ್ ರನ್ ನಂತರದ ತೊಡೆನೋವು ಕಡಿಮೆ ಆಗುತ್ತದಾ?

ಮೈಸೂರು ಮುಂಜಾನೆ

ಎಲ್ಲರಿಗೂ ನಮಸ್ಕಾರ. ಮೊದಲ ಫುಲ್ ಮ್ಯಾರಥಾನ್‌ಗೆ ತಯಾರಿ ನಡೆಸಿದ್ದೇನೆ. ಭಾನುವಾರದ ಲಾಂಗ್ ರನ್ ಚಾಮುಂಡಿ ಬೆಟ್ಟದ ರಸ್ತೆಯಲ್ಲಿ. ಹತ್ತುವಾಗ ಏದುಸಿರು ಬರುತ್ತದೆ, ಅಷ್ಟೇ. ತೊಂದರೆ ಶುರುವಾಗುವುದು ಇಳಿದ ಮೇಲೆ. ಸೋಮವಾರ ಹೇಗೋ ಆಗುತ್ತದೆ. ಮಂಗಳವಾರ ಮಾತ್ರ ಮನೆ ಮೆಟ್ಟಿಲು ಇಳಿಯೋಕೆ ಕಂಬಿ ಹಿಡ್ಕೊಬೇಕು. ತೊಡೆಯ ಮುಂಭಾಗ ಮುಟ್ಟಿದರೂ ನೋವು. ಹಾಗಾಗಿ ಬುಧವಾರದ ಓಟ ಪ್ರತಿ ವಾರವೂ ಕೆಡುತ್ತಿದೆ.

ನಮ್ಮ ಗುಂಪಿನ ಕೋಚ್ ಕರ್ಕ್ಯುಮಿನ್, ಅಂದರೆ ಅರಿಶಿನದ ಹಳದಿ ಅಂಶದ ಕ್ಯಾಪ್ಸೂಲ್ ತಗೊಳ್ಳಿ ಅಂತಿದ್ದಾರೆ. 500 ಮಿಲಿಗ್ರಾಂ, 95 ಪರ್ಸೆಂಟ್ ಅಂತ ಬರೆದಿದೆ, ಜೊತೆಗೆ ಕಾಳುಮೆಣಸಿನ ಸಾರ. ದಿನಕ್ಕೆ ಎರಡು. ಅವರ ಹತ್ತಿರವೇ ಸಿಗುತ್ತದೆ, ಬೆಲೆಯೇನೂ ಕಡಿಮೆ ಇಲ್ಲ. ಮನೆಯಲ್ಲಿ ಅಮ್ಮ, "ಅದಕ್ಕೆ ದುಡ್ಡು ಯಾಕೆ, ರಾತ್ರಿ ಅರಿಶಿನದ ಹಾಲು ಕುಡಿ ಸಾಕು" ಅಂತಾರೆ.

ದೂರದ ಓಟ ಓಡುವವರು ಯಾರಾದರೂ ಇದನ್ನು ತಗೊಂಡು ನೋಡಿದ್ದೀರಾ? ನಿಜವಾಗಿ ವ್ಯತ್ಯಾಸ ಇದೆಯಾ? ಹಾಲು ಸಾಕಾಗುತ್ತದಾ?

ಕಬ್ಬನ್ ಪಾರ್ಕ್ ಗೆಳೆಯ

ಧೈರ್ಯವಾಗಿ ತಗೊಳ್ಳಿ. ನಾನು ತಗೊಳ್ಳೋಕೆ ಶುರು ಮಾಡಿದ ಮೇಲೆ ಲಾಂಗ್ ರನ್ ಮಾರನೇ ದಿನವೇ ಆರಾಮಾಗಿ ಓಡುತ್ತೇನೆ. ಲ್ಯಾಕ್ಟಿಕ್ ಆಸಿಡ್ ಎಲ್ಲ ತೊಳೆದುಹೋಗುತ್ತದೆ.

ಅಡುಗೆಮನೆ ಅಕ್ಕ

ನಿಮ್ಮ ಅಮ್ಮ ಹೇಳಿದ್ದೇ ಸರಿ ಕಣಮ್ಮ. ಬಿದ್ದು ಗಾಯ ಆದರೆ ಅರಿಶಿನ, ಗಂಟಲು ಕೆರೆದರೆ ಅರಿಶಿನ, ಬಾಣಂತಿಗೆ ಅರಿಶಿನ. ನಮ್ಮ ಹಿರಿಯರಿಗೆ ಗೊತ್ತಿಲ್ಲದ್ದು ಈ ಡಬ್ಬಿ ಮಾರುವವರಿಗೆ ಗೊತ್ತಾ? ಹಾಲಿಗೆ ಅರ್ಧ ಚಮಚ ಅರಿಶಿನ, ನಾಲ್ಕು ಕಾಳುಮೆಣಸು ಕುಟ್ಟಿ ಹಾಕಿ, ಮೇಲೆ ಸ್ವಲ್ಪ ತುಪ್ಪ. ಚೆನ್ನಾಗಿ ನಿದ್ದೆ ಬರುತ್ತದೆ, ಮೈಕೈ ನೋವೂ ಹೋಗುತ್ತದೆ.

ಫಾರ್ಮಕಾಲಜಿ ಮೇಷ್ಟ್ರು

ಅಕ್ಕ, ಹಾಲು ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಲೆಕ್ಕ ನೋಡಿ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ತೂಕದ ಸುಮಾರು 3 ಪರ್ಸೆಂಟ್. ಅರ್ಧ ಚಮಚ ಅಂದರೆ ಒಂದೂವರೆ ಗ್ರಾಂ ಪುಡಿ. ಅದರಲ್ಲಿ ಸಿಗುವುದು 45 ಮಿಲಿಗ್ರಾಂ ಆಸುಪಾಸು. ಆ ಕ್ಯಾಪ್ಸೂಲ್ ಒಂದರಲ್ಲೇ 475 ಮಿಲಿಗ್ರಾಂ ಇದೆ. ದಿನಕ್ಕೆ ಎರಡು ಅಂದರೆ ಅರಿಶಿನದ ಪುಡಿ ಲೆಕ್ಕದಲ್ಲಿ 30 ಗ್ರಾಂ ದಾಟುತ್ತದೆ. ಅಷ್ಟು ಅರಿಶಿನವನ್ನು ಯಾರ ಅಜ್ಜಿಯೂ ಒಂದು ದಿನಕ್ಕೆ ಕೊಟ್ಟಿಲ್ಲ.

ಹಾಗಾಗಿ ಇವೆರಡೂ ಬೇರೆ ಬೇರೆ ವಸ್ತು ಅಂತಲೇ ಇಟ್ಟುಕೊಳ್ಳಿ. "ತಲೆತಲಾಂತರದಿಂದ ತಿಂದಿದ್ದೇವೆ, ಏನೂ ಆಗುವುದಿಲ್ಲ" ಅನ್ನುವ ಮಾತು ಸಾರಿನ ಅರಿಶಿನಕ್ಕೆ ಸರಿ. ಕ್ಯಾಪ್ಸೂಲ್‌ಗೆ ಆ ಮಾತು ಹೊಂದುವುದಿಲ್ಲ.

ಕಬ್ಬನ್ ಪಾರ್ಕ್ ಸರ್, ಮಂಗಳವಾರದ ನೋವಿಗೂ ಲ್ಯಾಕ್ಟಿಕ್ ಆಸಿಡ್‌ಗೂ ಸಂಬಂಧ ಇಲ್ಲ. ಓಟ ಮುಗಿದು ಒಂದು ಗಂಟೆಯೊಳಗೆ ಅದು ರಕ್ತದಿಂದ ಹೋಗಿಬಿಟ್ಟಿರುತ್ತದೆ.

ಹುಬ್ಬಳ್ಳಿ ಓಟ

ಹಾಗಾದರೆ ಕಾಳುಮೆಣಸು ಯಾಕೆ ಹಾಕುತ್ತಾರೆ ಮೇಷ್ಟ್ರೇ? ಎಲ್ಲ ಬಾಟಲಿ ಮೇಲೂ "ಹೀರುವಿಕೆ 2000 ಪರ್ಸೆಂಟ್ ಜಾಸ್ತಿ" ಅಂತ ದೊಡ್ಡದಾಗಿ ಹಾಕಿರುತ್ತಾರೆ.

ಫಾರ್ಮಕಾಲಜಿ ಮೇಷ್ಟ್ರು

ಆ ಅಂಕಿ ಬಂದಿದ್ದು ನಮ್ಮ ಬೆಂಗಳೂರಿನಿಂದಲೇ. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಫಾರ್ಮಕಾಲಜಿ ವಿಭಾಗದಲ್ಲಿ ಮಾಡಿದ ಕೆಲಸ, 1998ರಲ್ಲಿ ಪ್ರಕಟವಾಯಿತು. ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಮಾತ್ರ ಕೊಟ್ಟಾಗ ರಕ್ತದಲ್ಲಿ ಕಂಡಿದ್ದು ಇಲ್ಲವೇ ಇಲ್ಲ ಅನ್ನುವಷ್ಟು. ಜೊತೆಗೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಮೆಣಸಿನ ಖಾರದ ಅಂಶ ಕೊಟ್ಟಾಗ 2000 ಪರ್ಸೆಂಟ್ ಏರಿತು. ಮೊದಲ ಒಂದು ಗಂಟೆಯೊಳಗೆ ಕಂಡ ಏರಿಕೆ ಅದು.

ಇಲ್ಲಿ ಎರಡು ವಿಷಯ ಗಮನಿಸಿ. ಬುಡದಲ್ಲಿ ಇದ್ದಿದ್ದೇ ಸೊನ್ನೆಯ ಹತ್ತಿರ, ಅದರ 20 ಪಟ್ಟು ಅಂದರೂ ಕಡಿಮೆಯೇ. ಮತ್ತೆ ಮಾರುಕಟ್ಟೆಯ ಹಲವು ಕ್ಯಾಪ್ಸೂಲ್‌ಗಳಲ್ಲಿ ಪೈಪರಿನ್ ಇರುವುದು 5 ಮಿಲಿಗ್ರಾಂ, 20 ಅಲ್ಲ. ಪೈಪರಿನ್ ಮಾರುವ ಕಂಪನಿಯ ಸ್ಥಾಪಕರು ಆ ಪೇಪರ್‌ನ ಲೇಖಕರಲ್ಲಿ ಒಬ್ಬರು ಅನ್ನುವುದೂ ಗೊತ್ತಿರಲಿ. ಅದರಿಂದ ಫಲಿತಾಂಶ ಸುಳ್ಳಾಗುವುದಿಲ್ಲ, ಆದರೆ ಬಾಟಲಿ ಮೇಲೆ ಓದುವಾಗ ತಿಳಿದಿರಬೇಕು.

ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ. ಒಳಗೆ ಹೋದಷ್ಟನ್ನು ಕರುಳು, ಲಿವರ್ ಸೇರಿ ಬೇಗ ಬದಲಾಯಿಸಿ ಹೊರಗೆ ಕಳಿಸುತ್ತವೆ. ಪೈಪರಿನ್ ಆ ಕೆಲಸಕ್ಕೆ ಅಡ್ಡ ಬರುತ್ತದೆ. ಅಡ್ಡ ಬರುವುದು ಕರ್ಕ್ಯುಮಿನ್‌ಗೆ ಮಾತ್ರ ಅಲ್ಲ, ನೀವು ತಗೊಳ್ಳುವ ಬೇರೆ ಮಾತ್ರೆಗಳಿಗೂ. ಫಿಟ್ಸ್‌ಗೆ ಕೊಡುವ ಫೆನಿಟೋಯಿನ್, ಬಿಪಿಗೆ ಕೊಡುವ ಪ್ರೊಪ್ರನಲಾಲ್, ಇವುಗಳ ಮಟ್ಟ ರಕ್ತದಲ್ಲಿ ಏರುವುದನ್ನು ನೋಡಿದ್ದಾರೆ.

ಅಡುಗೆಮನೆ ಅಕ್ಕ

ಮೆಣಸು ಹಾಕಿ ಅಂತ ನಮ್ಮಜ್ಜಿ ಯಾವ ಪೇಪರೂ ಓದದೆ ಹೇಳುತ್ತಿದ್ದರು. ಅದನ್ನೇ ಈಗ ಇಂಗ್ಲಿಷಿನಲ್ಲಿ ಬರೆದಿದ್ದಾರೆ.

ಫಾರ್ಮಕಾಲಜಿ ಮೇಷ್ಟ್ರು

ಒಪ್ಪುತ್ತೇನೆ ಅಕ್ಕ. ಹಾಲಿಗೆ ಮೆಣಸು, ತುಪ್ಪ ಸೇರಿಸುವುದು ಬಹಳ ತಿಳುವಳಿಕೆಯ ಕೆಲಸ. 20 ಮಿಲಿಗ್ರಾಂ ಪೈಪರಿನ್‌ಗೆ ಅರ್ಧ ಗ್ರಾಂ ಮೆಣಸು ಬೇಕಾಗುತ್ತದೆ, ಅಂದರೆ ಹತ್ತು ಕಾಳು ಹತ್ತಿರ. ನಿಮ್ಮ ನಾಲ್ಕು ಕಾಳಿಗೂ ಒಂದಿಷ್ಟು ಕೆಲಸ ಇದೆ.

ಹುಬ್ಬಳ್ಳಿ ಓಟ

ಹೀರುವಿಕೆ ಕಥೆ ತಿಳಿಯಿತು. ಓಡುವವರ ಕಾಲಿನ ಮೇಲೆ ಯಾರಾದರೂ ಪರೀಕ್ಷೆ ಮಾಡಿದ್ದಾರಾ? ಅದು ಬೇಕು ನಮಗೆ.

ಪೇಪರ್ ಓದುವವ

ಮಾಡಿದ್ದಾರೆ. ಎಲ್ಲವೂ ಸಣ್ಣ ಸಣ್ಣ ಪರೀಕ್ಷೆಗಳು, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಆಸೆ ಹುಟ್ಟಿಸಿದ್ದು 2007ರಲ್ಲಿ ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ನಡೆದ ಕೆಲಸ. ಇಳಿಜಾರಿನಲ್ಲಿ ಓಡಿಸಿದ ಇಲಿಗಳಿಗೆ ಕರ್ಕ್ಯುಮಿನ್ ಕೊಟ್ಟರು. ಅವು ಬೇಗ ಚೇತರಿಸಿಕೊಂಡು ಮತ್ತೆ ಓಡಿದವು. ಆದರೆ ಇಲಿ ಇಲಿಯೇ.

ಮನುಷ್ಯರಲ್ಲಿ ನಮ್ಮ ಪ್ರಶ್ನೆಗೆ ಅತಿ ಹತ್ತಿರದ್ದು 2014ರದ್ದು. 20 ಗಂಡಸರು, ಟ್ರೆಡ್‌ಮಿಲ್ ಇಳಿಜಾರು ಮಾಡಿ 45 ನಿಮಿಷ ಓಟ. ಅರ್ಧ ಜನಕ್ಕೆ ದಿನಕ್ಕೆ ಎರಡು ಸಲ 200 ಮಿಲಿಗ್ರಾಂ ಕರ್ಕ್ಯುಮಿನ್. ಮಾಮೂಲಿ ಪುಡಿ ಅಲ್ಲ, ಲೆಸಿಥಿನ್ ಎಂಬ ಕೊಬ್ಬಿನಂಥ ವಸ್ತುವಿನ ಜೊತೆ ಸೇರಿಸಿದ್ದು. ಓಟಕ್ಕೆ ಎರಡು ದಿನ ಮೊದಲೇ ಶುರು. ಆಮೇಲೆ ತೊಡೆಯ ಎಂಆರ್‌ಐ ಮಾಡಿದಾಗ ಕರ್ಕ್ಯುಮಿನ್ ತಗೊಂಡವರಲ್ಲಿ ಪೆಟ್ಟಿನ ಗುರುತು ಇದ್ದವರು ಕಡಿಮೆ. ನೋವಿನಲ್ಲಿ ಅಷ್ಟು ಸ್ಪಷ್ಟ ವ್ಯತ್ಯಾಸ ಇಲ್ಲ.

2015ರ ಇನ್ನೊಂದರಲ್ಲಿ 17 ಗಂಡಸರಿಗೆ ದಿನಕ್ಕೆ ಎರಡು ಸಲ ಎರಡೂವರೆ ಗ್ರಾಂ ಕೊಟ್ಟರು. ದೊಡ್ಡ ಡೋಸ್ ಅದು. ಒಂಟಿ ಕಾಲಿನ ಲೆಗ್ ಪ್ರೆಸ್ ನಂತರ ನೋವು ಗಮನಾರ್ಹವಾಗಿ ಕಡಿಮೆ ಆಯಿತು. 2016ರದ್ದರಲ್ಲಿ ಉಲ್ಟಾ. 400 ಮಿಲಿಗ್ರಾಂ ಕೊಟ್ಟಾಗ ಸ್ನಾಯುವಿನಿಂದ ರಕ್ತಕ್ಕೆ ಸೋರುವ ಸಿಕೆ ಎಂಬ ಎಂಜೈಮ್‌ನ ಏರಿಕೆ 48 ಪರ್ಸೆಂಟ್ ಕಡಿಮೆ, ಆದರೆ ತೊಡೆನೋವು ಎರಡೂ ಗುಂಪಿನಲ್ಲಿ ಒಂದೇ. 11 ಜನರಿಗೆ ಮೂರು ದಿನ 500 ಮಿಲಿಗ್ರಾಂ ಕೊಟ್ಟು ಎರಡು ಗಂಟೆ ಸೈಕಲ್ ಹೊಡೆಸಿದಾಗ ಉರಿಯೂತದ ಅಂಶಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇ ಬರಲಿಲ್ಲ.

ಒಂದರಲ್ಲಿ ರಕ್ತ ಪರೀಕ್ಷೆ ಸುಧಾರಿಸಿತು, ನೋವು ಹಾಗೇ ಇತ್ತು. ಇನ್ನೊಂದರಲ್ಲಿ ನೋವು ಕಡಿಮೆ, ರಕ್ತದಲ್ಲಿ ಅಷ್ಟೇನೂ ಇಲ್ಲ. ಪ್ರತಿಯೊಂದರಲ್ಲೂ ಬೇರೆ ತಯಾರಿ, ಬೇರೆ ಡೋಸ್. ಇವನ್ನೆಲ್ಲ ಕೂಡಿಸಿ "ಕೆಲಸ ಮಾಡುತ್ತದೆ" ಅಂತ ಬಾಟಲಿ ಮೇಲೆ ಬರೆಯುವುದು ನನಗೆ ಒಪ್ಪಿಗೆ ಇಲ್ಲ. ಸ್ವಲ್ಪ ಉಪಯೋಗ ಇರಬಹುದು, ಇಳಿಜಾರಿನ ಓಟದ ನಂತರ, ಎರಡು ಮೂರು ದಿನ. ನನ್ನ ತೀರ್ಮಾನ ಅಷ್ಟೇ. ಇನ್ನೊಂದು ಮಾತು: ಈ ನಾಲ್ಕರಲ್ಲಿ ಕನಿಷ್ಠ ಮೂರರಲ್ಲಿ ಇದ್ದವರು ಗಂಡಸರೇ. ಪ್ರಶ್ನೆ ಕೇಳಿರುವವರು ಹೆಣ್ಣುಮಗಳು.

ಕಬ್ಬನ್ ಪಾರ್ಕ್ ಗೆಳೆಯ

ಪೇಪರ್ ಏನೇ ಹೇಳಲಿ, ನನ್ನ ಕಾಲು ನನಗೆ ಹೇಳುತ್ತದೆ ಅಲ್ವಾ. ನೋವು ಕಡಿಮೆ ಆಗಿದ್ದು ನಿಜ. ಅದನ್ನು ಯಾಕೆ ಅಲ್ಲಗಳೆಯುತ್ತೀರಿ?

ಶಿವಮೊಗ್ಗ ಫಿಸಿಯೊ

ನಿಮ್ಮ ನೋವು ಕಡಿಮೆ ಆಗಿದ್ದನ್ನು ಯಾರೂ ಸುಳ್ಳು ಅನ್ನುತ್ತಿಲ್ಲ ಸರ್. ಯಾಕೆ ಕಡಿಮೆ ಆಯಿತು ಅನ್ನುವುದೇ ಪ್ರಶ್ನೆ. ನೋವಿಗೆ ಅಂತ ನನ್ನ ಹತ್ತಿರ ಬರುವ ಓಟಗಾರರಲ್ಲಿ ಬಹಳ ಜನಕ್ಕೆ ಈ ವಿಷಯ ಗೊತ್ತಿರುವುದಿಲ್ಲ, ಅದಕ್ಕೆ ಬಿಡಿಸಿ ಹೇಳುತ್ತೇನೆ.

ಬೆಟ್ಟ ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಬ್ರೇಕ್ ಥರ ಕೆಲಸ ಮಾಡುತ್ತದೆ. ಬಿಗಿ ಹಿಡಿದುಕೊಂಡೇ ಉದ್ದ ಆಗಬೇಕು. ಆ ಎಳೆತಕ್ಕೆ ಒಳಗಿನ ಸಣ್ಣ ಸಣ್ಣ ಎಳೆಗಳು ಹರಿಯುತ್ತವೆ. ಊತ ಬರುತ್ತದೆ. ನೋವು ತಕ್ಷಣ ಬರುವುದಿಲ್ಲ, 24ರಿಂದ 72 ಗಂಟೆ ನಡುವೆ ಜಾಸ್ತಿ ಆಗುತ್ತದೆ. ಮೈಸೂರಿನವರ ಮಂಗಳವಾರ ಅದೇ.

ಈಗ ಮುಖ್ಯ ವಿಷಯ. ಒಂದು ಸಲ ಹೀಗೆ ಪೆಟ್ಟು ತಿಂದ ಸ್ನಾಯು ಮುಂದಿನ ಸಲ ಅದೇ ಇಳಿಜಾರಿಗೆ ಅಷ್ಟು ನೋಯುವುದಿಲ್ಲ. ಈ ರಕ್ಷಣೆ ಹಲವು ವಾರ ಇರುತ್ತದೆ. ನೀವು ಕ್ಯಾಪ್ಸೂಲ್ ಶುರು ಮಾಡಿದ ತಿಂಗಳಲ್ಲೇ ಕಾಲೂ ಪಳಗಿರುತ್ತದೆ. ಹೆಸರು ಮಾತ್ರ ಕ್ಯಾಪ್ಸೂಲ್‌ಗೆ ಹೋಗುತ್ತದೆ.

ಮೈಸೂರು ಮುಂಜಾನೆ

ಫಿಸಿಯೊ ಸರ್, ಆದರೆ ನಾನು ಪ್ರತಿ ಭಾನುವಾರ ಬೆಟ್ಟ ಇಳಿಯುತ್ತೇನೆ. ಆದರೂ ಯಾಕೆ ಪಳಗುತ್ತಿಲ್ಲ?

ಶಿವಮೊಗ್ಗ ಫಿಸಿಯೊ

ಪ್ರತಿ ವಾರವೂ ದೂರ ಜಾಸ್ತಿ ಮಾಡುತ್ತಿದ್ದೀರಾ? ಇಳಿಯುವಾಗ ವೇಗ ಎಷ್ಟು? ಹೆಜ್ಜೆ ಉದ್ದ ಹಾಕುತ್ತೀರಾ?

ಮೈಸೂರು ಮುಂಜಾನೆ

ಹೌದು, ಪ್ರತಿ ವಾರ ಒಂದೆರಡು ಕಿಲೋಮೀಟರ್ ಸೇರಿಸುತ್ತಿದ್ದೇವೆ. ಹತ್ತುವಾಗ ಹೋದ ಸಮಯವನ್ನು ಇಳಿಯುವಾಗ ಹಿಡಿಯೋಣ ಅಂತ ಗುಂಪಿನಲ್ಲಿ ಎಲ್ಲರೂ ಜೋರಾಗಿ ಇಳಿಯುತ್ತೇವೆ. ನಂದಿ ವಿಗ್ರಹದ ತಿರುವು ದಾಟಿದ ಮೇಲಂತೂ ಹೆಜ್ಜೆ ತಾನಾಗೇ ಉದ್ದ ಆಗುತ್ತದೆ, ಹಿಮ್ಮಡಿ ಧಪ್ ಧಪ್ ಅಂತ ಬೀಳುತ್ತದೆ.

ಶಿವಮೊಗ್ಗ ಫಿಸಿಯೊ

ಕಾರಣ ಅಲ್ಲೇ ಇದೆ ನೋಡಿ. ದೂರ ಮತ್ತು ಇಳಿಜಾರಿನ ವೇಗ ಎರಡನ್ನೂ ಒಟ್ಟಿಗೆ ಏರಿಸಬೇಡಿ. ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ, ಜಾಸ್ತಿ ಸಲ ಬೀಳಲಿ. ಪಾದ ಮೈಯ ಕೆಳಗೇ ಇಳಿಯಲಿ, ಮುಂದಕ್ಕೆ ಚಾಚಬೇಡಿ. ಎರಡು ವಾರಕ್ಕೊಮ್ಮೆ ಬೆಟ್ಟ ಸಾಕು, ಉಳಿದ ಭಾನುವಾರ ಸಮತಟ್ಟಾದ ರಸ್ತೆ. ಮನೆಯಲ್ಲಿ ಮೆಟ್ಟಿಲ ಮೇಲೆ ಒಂದು ಕಾಲಲ್ಲಿ ನಿಂತು ಇನ್ನೊಂದನ್ನು ನಿಧಾನಕ್ಕೆ ಕೆಳಗಿನ ಮೆಟ್ಟಿಲಿಗೆ ಇಳಿಸುವ ವ್ಯಾಯಾಮ ಮಾಡಿ, ವಾರಕ್ಕೆ ಎರಡು ದಿನ. ರೇಸ್‌ಗೆ ಎರಡು ಮೂರು ವಾರ ಇರುವಾಗ ಜೋರಿನ ಇಳಿಜಾರು ನಿಲ್ಲಿಸಿಬಿಡಿ.

ಗುಂಡ್ಲುಪೇಟೆ ಹೊಲ

ಓಟದ ಬಗ್ಗೆ ನನಗೆ ಅಷ್ಟು ಗೊತ್ತಿಲ್ಲ, ಅರಿಶಿನದ ಬಗ್ಗೆ ಹೇಳಬಲ್ಲೆ. ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ ಇದು ದೊಡ್ಡ ಬೆಳೆ. ಎಂಟು ಒಂಬತ್ತು ತಿಂಗಳು ಹೊಲದಲ್ಲಿರುತ್ತದೆ. ಕಿತ್ತ ಮೇಲೆ ಗಡ್ಡೆ ಬೇರೆ, ಕೊಂಬು ಬೇರೆ ಮಾಡಿ ಬೇಯಿಸುತ್ತೇವೆ. ಬೆಂದಿದೆಯಾ ಅಂತ ನೋಡೋಕೆ ಒಂದು ಕಡ್ಡಿ ಚುಚ್ಚಿದರೆ ಸಲೀಸಾಗಿ ಒಳಗೆ ಹೋಗಬೇಕು. ಆಮೇಲೆ ಬಿಸಿಲಿಗೆ ಹರಡುವುದು. ಒಣಗಿದ ಕೊಂಬು ಮುರಿದಾಗ ಠಕ್ ಅನ್ನಬೇಕು. ಕೊನೆಗೆ ಡ್ರಮ್‌ಗೆ ಹಾಕಿ ತಿರುಗಿಸಿ ಪಾಲಿಶ್. ಮಾಲು ಹೆಚ್ಚಾಗಿ ಈರೋಡ್ ಮಾರ್ಕೆಟ್‌ಗೆ ಹೋಗುತ್ತದೆ.

ಎಲ್ಲ ಅರಿಶಿನವೂ ಒಂದೇ ಅಲ್ಲ ಅಂತ ಹೇಳೋಕೆ ಬಂದೆ. ಮೇಷ್ಟ್ರು ಹೇಳಿದ 3 ಪರ್ಸೆಂಟ್ ಸರಾಸರಿ. ಮೇಘಾಲಯದ ಲಕಡಾಂಗ್ ಅರಿಶಿನದಲ್ಲಿ 7 ಪರ್ಸೆಂಟ್ ದಾಟುತ್ತದೆ. ಅದಕ್ಕೆ 2024ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಕೇರಳದ ಅಲೆಪ್ಪಿ ಅರಿಶಿನದಲ್ಲೂ ಜಾಸ್ತಿ. ನೋಡೋಕೆ ಹಳದಿ ಹೊಳೆದರೆ ಒಳ್ಳೆಯದು ಅಂತ ತಿಳಿಯಬೇಡಿ. ಹೊಳಪಿಗೆ ದುಡ್ಡು ಕೊಡುವವರು ಇರುವವರೆಗೂ ಬಣ್ಣ ಬೆರೆಸುವವರು ಇರುತ್ತಾರೆ.

ದಾವಣಗೆರೆ ಡಾಕ್ಟರ್

ಗುಂಡ್ಲುಪೇಟೆಯವರ ಕೊನೆಯ ಮಾತು ಎಲ್ಲರೂ ಓದಿ. ಬಾಂಗ್ಲಾದೇಶದಲ್ಲಿ ಅರಿಶಿನಕ್ಕೆ ಲೆಡ್ ಕ್ರೋಮೇಟ್ ಹಾಕಿ ಹೊಳಪು ಬರಿಸುತ್ತಿದ್ದರು. ಸೀಸದ ವಿಷ ಅದು, ಮಕ್ಕಳ ಮಿದುಳಿಗೆ ಹಾನಿ. 2019ರಲ್ಲಿ ಸ್ಟ್ಯಾನ್‌ಫರ್ಡ್‌ನವರ ಅಧ್ಯಯನ ಬಂದ ಮೇಲೆ ಅಲ್ಲಿನ ಸರ್ಕಾರ ಮಾರುಕಟ್ಟೆಗೇ ಇಳಿದು ತಪಾಸಣೆ ಮಾಡಿತು, ದಂಡ ಹಾಕಿತು. ಸೀಸ ಇದ್ದ ಸ್ಯಾಂಪಲ್‌ಗಳು 47 ಪರ್ಸೆಂಟ್ ಇದ್ದಿದ್ದು 2021ರ ಹೊತ್ತಿಗೆ ಸೊನ್ನೆಗೆ ಇಳಿಯಿತು. ಮನಸ್ಸು ಮಾಡಿದರೆ ಆಗುತ್ತದೆ. ನಮ್ಮಲ್ಲೂ ಬಿಡಿ ಪುಡಿ ಕೊಳ್ಳುವವರು ಜಾಗ್ರತೆ. ಆದಷ್ಟು ಕೊಂಬು ತಂದು ತೊಳೆದು ಒಣಗಿಸಿ ಮನೆಯಲ್ಲೇ ಪುಡಿ ಮಾಡಿಸಿ.

ಅಡುಗೆಮನೆ ಅಕ್ಕ

ಕೊಂಬು ತಂದು ಗಿರಣಿಗೆ ಹಾಕಿಸುವುದೇ ಒಳ್ಳೆಯದು. ಮೆಣಸಿನಕಾಯಿ ಪುಡಿ ಮಾಡಿದ ತಕ್ಷಣ ಹಾಕಿಸಬೇಡಿ ಅಷ್ಟೇ.

ದುಬೈ ಕನ್ನಡಿಗ

ನಾನು ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್‌ನಲ್ಲಿ ಡೌನ್ ರನ್ ಓಡಿದ್ದೇನೆ. ಪೀಟರ್‌ಮರಿಟ್ಜ್‌ಬರ್ಗ್‌ನಿಂದ ಡರ್ಬನ್‌ವರೆಗೆ, ಸುಮಾರು 90 ಕಿಲೋಮೀಟರ್. ಹತ್ತುವುದೂ ಇದೆ, ಆದರೆ ಒಟ್ಟಿನಲ್ಲಿ ಸಮುದ್ರಮಟ್ಟಕ್ಕೆ ಇಳಿಯುವ ಓಟ. ಕೊನೆಯ ಭಾಗದಲ್ಲಿ ತೊಡೆ ಸ್ಪಂದಿಸುವುದೇ ಇಲ್ಲ. ಪಕ್ಕದಲ್ಲಿ ಓಡುತ್ತಿದ್ದವರು ಜೇಬಿನಿಂದ ಐಬುಪ್ರೊಫೆನ್ ನೋವಿನ ಮಾತ್ರೆ ತೆಗೆದು ನುಂಗುತ್ತಿದ್ದರು. ಅದಕ್ಕೆ ಹೋಲಿಸಿದರೆ ಅರಿಶಿನ ಎಷ್ಟೋ ವಾಸಿ ಅಂತ ನನ್ನ ಅಭಿಪ್ರಾಯ. ಡಾಕ್ಟರ್ ಏನಂತೀರಿ?

ದಾವಣಗೆರೆ ಡಾಕ್ಟರ್

ಓಡುವಾಗ ಐಬುಪ್ರೊಫೆನ್, ಡೈಕ್ಲೋಫೆನಾಕ್ ದಯವಿಟ್ಟು ಬೇಡ. ಇದನ್ನು ಬೇಕಾದಷ್ಟು ಸಲ ಹೇಳುತ್ತೇನೆ. ಮರುಭೂಮಿಯ ಅಲ್ಟ್ರಾ ಓಟಗಳಲ್ಲಿ 89 ಜನರ ಮೇಲೆ ಮಾಡಿದ ಪರೀಕ್ಷೆ 2017ರಲ್ಲಿ ಬಂತು. ನಾಲ್ಕು ಗಂಟೆಗೊಮ್ಮೆ 400 ಮಿಲಿಗ್ರಾಂ ಐಬುಪ್ರೊಫೆನ್ ತಗೊಂಡವರಲ್ಲಿ 52 ಪರ್ಸೆಂಟ್ ಜನರ ಕಿಡ್ನಿಗೆ ಪೆಟ್ಟು. ಸುಮ್ನೆ ಸಕ್ಕರೆ ಮಾತ್ರೆ ತಗೊಂಡವರಲ್ಲಿ 34. ಬೆವರು ಸುರಿದು ನೀರು ಕಡಿಮೆ ಆಗಿರುವಾಗ ಕಿಡ್ನಿಗೆ ಹೋಗುವ ರಕ್ತವೇ ಕಡಿಮೆ, ಈ ಮಾತ್ರೆ ಅದನ್ನು ಇನ್ನೂ ಇಳಿಸುತ್ತದೆ. 160 ಕಿಲೋಮೀಟರಿನ ವೆಸ್ಟರ್ನ್ ಸ್ಟೇಟ್ಸ್ ಓಟಗಾರರನ್ನು ನೋಡಿದಾಗಲೂ ಮಾತ್ರೆ ನುಂಗಿದವರಿಗೆ ನೋವೇನೂ ಕಡಿಮೆ ಆಗಿರಲಿಲ್ಲ.

ಹಾಗಂತ ಅರಿಶಿನದ ಕ್ಯಾಪ್ಸೂಲ್ ನಿರಪಾಯ ಅಂತ ಬರೆದುಕೊಡೋಕೆ ನಾನು ತಯಾರಿಲ್ಲ. ಇಟಲಿಯಲ್ಲಿ 2019ರಲ್ಲಿ ಲಿವರ್ ಊತದ ಪ್ರಕರಣಗಳು ಸಾಲಾಗಿ ಬಂದವು. 2023ರಲ್ಲಿ ಆಸ್ಟ್ರೇಲಿಯಾದ ಔಷಧ ನಿಯಂತ್ರಕರು ಎಚ್ಚರಿಕೆ ಕೊಟ್ಟರು. ಅಮೆರಿಕದ ಒಂದು ಅಧ್ಯಯನದಲ್ಲಿ ಅರಿಶಿನದ ಸಪ್ಲಿಮೆಂಟ್‌ನಿಂದ ಲಿವರ್ ಕೆಟ್ಟ 10 ಮಂದಿಯನ್ನು ಗುರುತಿಸಿದರು. 5 ಮಂದಿ ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಹತ್ತರಲ್ಲಿ ಏಳು ಮಂದಿಗೆ ಒಂದೇ ಬಗೆಯ ಜೀನ್ ಇತ್ತು. ಲಕ್ಷಾಂತರ ಜನ ತಗೊಳ್ಳುವಾಗ ಇದು ಅಪರೂಪವೇ. ಆದರೆ ಆ ಅಪರೂಪದವರು ನೀವಾ ಅಂತ ಮೊದಲೇ ತಿಳಿಯುವುದಿಲ್ಲ. ಕಣ್ಣು ಹಳದಿ, ಮೂತ್ರ ಗಾಢ ಬಣ್ಣ, ಮೈ ತುರಿಕೆ, ಊಟ ಸೇರದಿರುವುದು, ಇವು ಕಂಡರೆ ತಕ್ಷಣ ನಿಲ್ಲಿಸಿ ಲಿವರ್ ಪರೀಕ್ಷೆ ಮಾಡಿಸಿ. ಪಿತ್ತಕೋಶದಲ್ಲಿ ಕಲ್ಲು ಇರುವವರು ಶುರುವೇ ಮಾಡಬೇಡಿ.

ಕಬ್ಬನ್ ಪಾರ್ಕ್ ಗೆಳೆಯ

ಡಾಕ್ಟರ್, ಇಷ್ಟು ಹೆದರಿಸಿದರೆ ಜನ ಅರಿಶಿನ ಮುಟ್ಟುವುದನ್ನೇ ಬಿಡುತ್ತಾರೆ. ಅಮೆರಿಕದವರು ಇದೇ ಅರಿಶಿನಕ್ಕೆ ಪೇಟೆಂಟ್ ತಗೊಂಡು ಕೂತಿದ್ದರು, ಮರೆತಿರಾ? 1995ರಲ್ಲಿ ಗಾಯ ವಾಸಿ ಮಾಡುವ ಗುಣಕ್ಕೆ ಅಂತ ಮಿಸಿಸಿಪ್ಪಿಯವರಿಗೆ ಕೊಟ್ಟಿದ್ದರು. ಗುಣ ಇಲ್ಲದಿದ್ದರೆ ಪೇಟೆಂಟ್ ಯಾಕೆ?

ಪೇಪರ್ ಓದುವವ

ಆ ಪೇಟೆಂಟ್ ರದ್ದಾಗಿದ್ದು 1997ರಲ್ಲಿ, ನಮ್ಮ ಸರ್ಕಾರದ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಹಳೆಯ ಗ್ರಂಥಗಳ ದಾಖಲೆ ಮುಂದಿಟ್ಟು ವಾದಿಸಿದ್ದರಿಂದ. ನನಗೂ ಅದು ಹೆಮ್ಮೆಯ ವಿಷಯ. ಆದರೆ ಅಲ್ಲಿ ನಡೆದ ವಾದ "ಇದು ಹೊಸದಲ್ಲ, ಭಾರತದವರಿಗೆ ಮೊದಲೇ ಗೊತ್ತು" ಅನ್ನುವುದು. ಗಾಯಕ್ಕೆ ಹಚ್ಚುವ ಅರಿಶಿನದ ವಿಷಯ. ಓಟಗಾರರ ತೊಡೆಗೂ ಅದಕ್ಕೂ ಸಂಬಂಧ ಇಲ್ಲ.

2017ರಲ್ಲಿ ಕೆಲವು ರಸಾಯನಶಾಸ್ತ್ರಜ್ಞರು ಕರ್ಕ್ಯುಮಿನ್ ಮೇಲಿನ 120ಕ್ಕೂ ಹೆಚ್ಚು ಮಾನವ ಪರೀಕ್ಷೆಗಳ ಹಿನ್ನೆಲೆಯಲ್ಲಿ ಕಟುವಾಗಿಯೇ ಬರೆದರು. ಈ ಅಣು ಅಸ್ಥಿರ, ಲ್ಯಾಬ್ ಪರೀಕ್ಷೆಗಳಲ್ಲಿ ಕೆಲಸ ಮಾಡಿದ ಹಾಗೆ ಸುಳ್ಳು ಸೂಚನೆ ಕೊಡುತ್ತದೆ, ಔಷಧವಾಗಿ ಗಟ್ಟಿ ಪುರಾವೆ ಬಂದಿಲ್ಲ ಅಂತ. ನನಗೆ ಅದು ಸ್ವಲ್ಪ ಅತಿ ಅನ್ನಿಸಿತು. ಆದರೂ ಅರಿಶಿನವನ್ನು ಪ್ರೀತಿಸುವವರು ಓದಬೇಕಾದ ಮಾತು.

ಹುಬ್ಬಳ್ಳಿ ಓಟ

ಇನ್ನೊಂದು ಡೌಟ್. ಉರಿಯೂತ ಪೂರ್ತಿ ತಗ್ಗಿಸಿಬಿಟ್ಟರೆ ಸ್ನಾಯು ಗಟ್ಟಿಯಾಗುವುದು ಹೇಗೆ? ಪೆಟ್ಟು ಬಿದ್ದು ವಾಸಿ ಆಗುವಾಗಲೇ ತಾನೆ ಬಲ ಬರುವುದು?

ಪೇಪರ್ ಓದುವವ

ಬಹಳ ಒಳ್ಳೆಯ ಪ್ರಶ್ನೆ. ವಿಟಮಿನ್ ಸಿ ಮತ್ತು ಇ ವಿಷಯದಲ್ಲಿ ಇದು ಆಗಿದೆ. 2014ರ ಒಂದು ಪರೀಕ್ಷೆಯಲ್ಲಿ 11 ವಾರ ಇವೆರಡರ ದೊಡ್ಡ ಡೋಸ್ ತಗೊಂಡು ತರಬೇತಿ ಮಾಡಿದವರ ಸ್ನಾಯುವಿನಲ್ಲಿ, ತರಬೇತಿಯಿಂದ ಆಗಬೇಕಿದ್ದ ಕೆಲವು ಬದಲಾವಣೆಗಳು ಕುಂದಿದವು. ಕರ್ಕ್ಯುಮಿನ್ ಬಗ್ಗೆ ಅಷ್ಟು ಸ್ಪಷ್ಟ ಪುರಾವೆ ಇಲ್ಲ. ನಾನಾದರೆ ತರಬೇತಿಯ ತಿಂಗಳುಗಳಲ್ಲಿ ದಿನಾ ನುಂಗುವುದಿಲ್ಲ. ಬೇಕೇ ಬೇಕು ಅನ್ನಿಸಿದರೆ ರೇಸ್ ಸುತ್ತಮುತ್ತಲಿನ ಕೆಲವು ದಿನ ಮಾತ್ರ.

ಮೈಸೂರು ಮುಂಜಾನೆ

ಇಷ್ಟು ವಿವರವಾಗಿ ಬರೆಯುತ್ತಿದ್ದೀರಿ, ಎಲ್ಲರಿಗೂ ಧನ್ಯವಾದ. ಒಂದು ವಿಷಯ ಕೇಳಬೇಕಿತ್ತು. ನನಗೆ ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಮಟ್ಟ, ಕಡಿಮೆ ಇದೆ, ಡಾಕ್ಟರ್ ಐರನ್ ಮಾತ್ರೆ ಕೊಟ್ಟಿದ್ದಾರೆ. ಜೊತೆಗೆ ಈ ಕ್ಯಾಪ್ಸೂಲ್ ತಗೊಂಡರೆ ತೊಂದರೆ ಇಲ್ಲ ತಾನೆ? ಕೋಚ್ "ಏನೂ ಆಗಲ್ಲ, ಎಲ್ಲ ನ್ಯಾಚುರಲ್" ಅಂದರು.

ದಾವಣಗೆರೆ ಡಾಕ್ಟರ್

ತಾಯೀ, ಹಾಗಾದರೆ ನಿಮಗೆ ಕ್ಯಾಪ್ಸೂಲ್ ಬೇಡ. ಕರ್ಕ್ಯುಮಿನ್ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ದೊಡ್ಡ ಡೋಸ್‌ನಲ್ಲಿ ಅರಿಶಿನದ ಕ್ಯಾಪ್ಸೂಲ್ ತಗೊಳ್ಳುತ್ತಿದ್ದ ಒಬ್ಬರಿಗೆ ಕಬ್ಬಿಣದ ಕೊರತೆಯ ರಕ್ತಹೀನತೆ ಬಂದಿದ್ದು 2019ರಲ್ಲೇ ವರದಿಯಾಗಿದೆ. ಕ್ಯಾಪ್ಸೂಲ್ ನಿಲ್ಲಿಸಿದ ಮೇಲೆ ಸುಧಾರಿಸಿತು.

ಅದಿರಲಿ, ಫೆರಿಟಿನ್ ಕಡಿಮೆ ಇರುವ ಓಟಗಾರ್ತಿಗೆ ಚೇತರಿಕೆ ನಿಧಾನವಾಗೇ ಇರುತ್ತದೆ. ಸುಸ್ತು, ಏದುಸಿರು, ಭಾರವಾದ ಕಾಲು, ಇದಕ್ಕೆಲ್ಲ ಅದೂ ಒಂದು ಕಾರಣ. ಹತ್ತುವಾಗ ಏದುಸಿರು ಬರುತ್ತದೆ ಅಂತ ನೀವೇ ಬರೆದಿದ್ದೀರಿ. ಮುಟ್ಟಿನಲ್ಲಿ ಹೋಗುತ್ತದೆ, ಬೆವರಿನಲ್ಲಿ ಸ್ವಲ್ಪ ಹೋಗುತ್ತದೆ, ಪಾದ ನೆಲಕ್ಕೆ ಬಡಿದು ಕೆಂಪು ರಕ್ತಕಣ ಒಡೆಯುತ್ತವೆ. ಜೋರಾಗಿ ಓಡಿದ ನಂತರ 3ರಿಂದ 6 ಗಂಟೆವರೆಗೆ ಕಬ್ಬಿಣ ಹೀರುವುದನ್ನು ತಡೆಯುವ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿರುತ್ತದೆ. ಐರನ್ ಮಾತ್ರೆಯನ್ನು ಓಟಕ್ಕೆ ಮೊದಲು ಅಥವಾ ಓಟ ಮುಗಿದ ಕೂಡಲೇ ತಗೊಳ್ಳಿ, ಮಧ್ಯಾಹ್ನಕ್ಕೆ ಇಡಬೇಡಿ. ಕಾಫಿ ಟೀ ಜೊತೆ ಬೇಡ, ನಿಂಬೆಹಣ್ಣಿನ ಪಾನಕದ ಜೊತೆ ಆಗಬಹುದು. ರಾತ್ರಿಯ ಅರಿಶಿನದ ಹಾಲು ಬೇಕಿದ್ದರೆ ಕುಡಿಯಿರಿ, ಮಾತ್ರೆಗೂ ಹಾಲಿಗೂ ಕೆಲವು ಗಂಟೆ ಅಂತರ ಇರಲಿ.

ಅಡುಗೆಮನೆ ಅಕ್ಕ

ರಕ್ತ ಕಡಿಮೆ ಇರುವ ಹುಡುಗಿಗೆ ಏನೂ ಕೇಳದೆ ಡಬ್ಬಿ ಕೊಡುವುದಾ? ಕೋಚ್‌ಗೆ ಇದು ಗೊತ್ತಿರಬೇಕಿತ್ತು.

ಹುಬ್ಬಳ್ಳಿ ಓಟ

ನನಗೆ ಸಿಟ್ಟು ಬರುವುದು ಇದಕ್ಕೇ. ತರಬೇತಿ ಕೊಡುವವರೇ ಸಪ್ಲಿಮೆಂಟ್ ಮಾರಬಾರದು. ಬೆಟ್ಟ ಜೋರಾಗಿ ಇಳಿಸಿದ್ದು ಅವರೇ, ನೋವಿಗೆ ಮಾತ್ರೆ ಮಾರಿದ್ದೂ ಅವರೇ. ನಾನಿದ್ದ ಒಂದು ಗುಂಪಿನಲ್ಲೂ ಹೀಗೇ ಇತ್ತು. ಬೇಡ ಅಂದವರಿಗೆ ಭಾನುವಾರ ಮುಖ ತಿರುಗಿಸುತ್ತಿದ್ದರು.

ನಲವತ್ತೆರಡು ಕಿಮೀ

ಸ್ಪರ್ಧೆಯಲ್ಲಿ ಗಂಭೀರವಾಗಿ ಓಡುವವರು ಇನ್ನೊಂದು ವಿಷಯ ನೆನಪಿಡಿ. ಕರ್ಕ್ಯುಮಿನ್ ವಾಡಾ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲಿ ಇಲ್ಲ. ಆದರೆ ಸಪ್ಲಿಮೆಂಟ್ ಡಬ್ಬಿಯೊಳಗೆ ಬೇರೇನಾದರೂ ಬೆರೆತಿದ್ದು ನಿಮ್ಮ ಮೂತ್ರದಲ್ಲಿ ಸಿಕ್ಕರೆ ಹೊಣೆ ನಿಮ್ಮದೇ. ಅದೇ ಕೆಲಸದ ನಮ್ಮ ದೇಶದ ಸಂಸ್ಥೆ ನಾಡಾ ಮುಂದೆ "ನನಗೆ ಗೊತ್ತಿರಲಿಲ್ಲ" ಅಂದರೆ ಬಿಡುವುದಿಲ್ಲ. ಜಿಲ್ಲೆ, ರಾಜ್ಯ ಮಟ್ಟದ ಹುಡುಗ ಹುಡುಗಿಯರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಊಟದ ಬಗ್ಗೆ ಯಾರೂ ಮಾತಾಡಿಲ್ಲವಲ್ಲ! ಲಾಂಗ್ ರನ್ ಮುಗಿಸಿ ಬರೀ ಕಾಫಿ ಕುಡಿದು ಹನ್ನೊಂದು ಗಂಟೆವರೆಗೆ ಕೂತರೆ ಯಾವ ಕ್ಯಾಪ್ಸೂಲೂ ಕಾಪಾಡುವುದಿಲ್ಲ. ಓಟ ಮುಗಿದು ಒಂದು ಗಂಟೆಯೊಳಗೆ ಊಟ ಆಗಬೇಕು. 60 ಕೆಜಿ ತೂಕದವರಿಗೆ ಒಂದು ಹೊತ್ತಿಗೆ 20 ಗ್ರಾಂ ಹತ್ತಿರ ಪ್ರೋಟೀನ್ ಬೇಕು. ಮೂರು ಮೊಟ್ಟೆಯಲ್ಲಿ 18 ಗ್ರಾಂ ಬರುತ್ತದೆ. ಮೊಟ್ಟೆ ತಿನ್ನದವರು ಕಾಳು, ಮೊಸರು, ಪನೀರ್ ಸೇರಿಸಿಕೊಳ್ಳಿ. ನಮ್ಮ ಮನೆಯಲ್ಲಿ ಭಾನುವಾರ ರಾಗಿಮುದ್ದೆ, ಮೊಳಕೆ ಹುರುಳಿಕಾಳಿನ ಸಾರು. ಬಸಿದ ಕಟ್ಟು ಮಾತ್ರ ಅಲ್ಲ, ಕಾಳನ್ನೂ ತಿನ್ನಬೇಕು, ಪ್ರೋಟೀನ್ ಇರುವುದು ಅದರಲ್ಲೇ. ಆಮೇಲೆ ಮಧ್ಯಾಹ್ನ ನಿದ್ದೆ.

ಅಡುಗೆಮನೆ ಅಕ್ಕ

ಹುರುಳಿ ಸಾರಿಗೂ ಅರಿಶಿನ ಬೀಳುತ್ತದೆ, ಒಗ್ಗರಣೆಗೆ ಮೆಣಸೂ ಹಾಕಿ.

ಮೈಸೂರು ಮುಂಜಾನೆ

ಕ್ಯಾಪ್ಸೂಲ್ ವಾಪಸ್ ಕೊಡುತ್ತೇನೆ. ಮುಂದಿನ ಭಾನುವಾರ ಬೆಟ್ಟ ಬಿಟ್ಟು ಕುಕ್ಕರಹಳ್ಳಿ ಕೆರೆ ಸುತ್ತು. ಐರನ್ ಮಾತ್ರೆಯನ್ನು ಬೆಳಗ್ಗೆಗೆ ಬದಲಾಯಿಸಬಹುದಾ ಅಂತ ನನ್ನ ಡಾಕ್ಟರ್‌ಗೂ ಕೇಳುತ್ತೇನೆ. ಫಿಸಿಯೊ ಸರ್, ಆ ಮೆಟ್ಟಿಲ ವ್ಯಾಯಾಮ ಒಂದು ಕಾಲಿಗೆ ಎಷ್ಟು ಸಲ?

ಶಿವಮೊಗ್ಗ ಫಿಸಿಯೊ

ಎಂಟರಿಂದ ಹತ್ತು, ಎರಡು ಸುತ್ತಿನಿಂದ ಶುರು ಮಾಡಿ. ಇಳಿಸುವಾಗ ಮನಸ್ಸಿನಲ್ಲೇ ಮೂರರವರೆಗೆ ಎಣಿಸಿ. ಮಂಡಿ ಒಳಕ್ಕೆ ವಾಲಬಾರದು, ಕನ್ನಡಿ ಮುಂದೆ ಮಾಡಿ. ನೋವಿರುವ ಮಂಗಳವಾರ ಬೇಡ, ಗುರುವಾರ ಮಾಡಿ.

ದುಬೈ ಕನ್ನಡಿಗ

ಈ ಚರ್ಚೆ ಓದಿ ಊರಿಗೆ ಫೋನ್ ಮಾಡಿದೆ. ಅಪ್ಪ ವಾಕಿಂಗ್ ಹೋಗುತ್ತಾರೆ, ಮಂಡಿನೋವಿಗೆ ಅಂತ ಯಾರೋ ಹೇಳಿದ್ದಕ್ಕೆ ಇದೇ ಥರದ ಅರಿಶಿನದ ಕ್ಯಾಪ್ಸೂಲ್ ತಗೊಳ್ಳುತ್ತಿದ್ದಾರಂತೆ. ಅವರಿಗೆ ಹಾರ್ಟ್ ವಾಲ್ವ್ ಆಪರೇಷನ್ ಆಗಿದೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮೇಲಿದ್ದಾರೆ. ಡಾಕ್ಟರ್, ಇದು ಸರಿನಾ?

ದಾವಣಗೆರೆ ಡಾಕ್ಟರ್

ಸರಿಯಲ್ಲ, ಕ್ಯಾಪ್ಸೂಲ್ ಇವತ್ತೇ ನಿಲ್ಲಿಸೋಕೆ ಹೇಳಿ. ವಾರ್ಫರಿನ್ ಮಾತ್ರ ಯಾವ ಕಾರಣಕ್ಕೂ ತಾವಾಗೇ ನಿಲ್ಲಿಸಬಾರದು, ವಾಲ್ವ್ ಇರುವವರಿಗೆ ಅದು ಜೀವದ ಪ್ರಶ್ನೆ. ನ್ಯೂಜಿಲೆಂಡಿನಲ್ಲಿ ವಾರ್ಫರಿನ್ ಜೊತೆ ಅರಿಶಿನದ ಸಪ್ಲಿಮೆಂಟ್ ತಗೊಂಡ ಒಬ್ಬರ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟೋಕೆ ಎಷ್ಟು ತಡ ಆಗುತ್ತದೆ ಅನ್ನುವ ಅಳತೆ, 10 ದಾಟಿತ್ತು. 2018ರಲ್ಲಿ ಅಲ್ಲಿನ ಔಷಧ ಇಲಾಖೆ ಅದರ ಬಗ್ಗೆ ಎಚ್ಚರಿಕೆ ಹೊರಡಿಸಿತು. ಅಷ್ಟು ಏರಿದರೆ ಒಳಗೇ ರಕ್ತಸ್ರಾವ ಆಗಬಹುದು.

ನಾಳೆ ಬೆಳಗ್ಗೆಯೇ ಐಎನ್‌ಆರ್ ಮಾಡಿಸಿ. ಒಸಡಿನಲ್ಲಿ ರಕ್ತ, ಕಪ್ಪು ಮಲ, ಮೈಮೇಲೆ ಕಾರಣ ಇಲ್ಲದೆ ನೀಲಿ ಕಲೆ, ಜೋರು ತಲೆನೋವು, ಇವುಗಳಲ್ಲಿ ಒಂದಿದ್ದರೂ ಬೆಳಗ್ಗೆವರೆಗೆ ಕಾಯಬೇಡಿ, ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಲಿ. ಕ್ಯಾಪ್ಸೂಲ್ ಬಾಟಲಿಯನ್ನೂ ತಗೊಂಡು ಹೋಗಿ ಹೃದ್ರೋಗದ ಡಾಕ್ಟರ್‌ಗೆ ತೋರಿಸಲಿ. ರಿಪೋರ್ಟ್ ಬಂದ ಮೇಲೆ ಇಲ್ಲಿ ಬರೆಯಿರಿ.